ಗಟ್ಟಿ ಪತ್ರಾ ಬರುವ ತನಕ

ಹೋದ ತಿಂಗಳು ನಮ್ಮ ಎದುರುಮನೆಯ ಕಾಕಾ ಬ್ಯಾಡಗಿ ಬಿಟ್ಟರು. ಗುತ್ತಲದ ಆಚೆ ಒಂದು ಹಳ್ಳಿಯಲ್ಲಿ ಅವರ ಮಗಳು ಶಾಲೆಯಲ್ಲಿ ಕಲಿಸುತ್ತಾಳೆ. ಅವಳಿಗೆ ಎರಡನೆಯ ಕೂಸಾಗಿದೆ. ಮನೆಯಲ್ಲಿ ಹಿರಿಯರು ಬೇಕೆಂದು ಬಂದು ಹಟ ಹಿಡಿದಳು; ಕಾಕಾ, ಕಾಕಿ ಇಬ್ಬರೂ ಗಂಟು ಕಟ್ಟಿದರು. ಸಾಮಾನು ಒಯ್ದದ್ದು ನನ್ನ ಪಿಕಪ್ಪಿನಲ್ಲಿ. ಈಗ ಬೆಳಗಿನ ಹೊತ್ತು ಓಣಿಯಲ್ಲಿ ಏನೋ ಕಡಿಮೆಯಾದಂತಿದೆ. ಏನು ಕಡಿಮೆಯಾಗಿದೆ ಎಂಬುದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಬಡಿಯುವ ಸದ್ದಿಲ್ಲ.

ಆ ಮನುಷ್ಯ ಏನನ್ನೂ ಬಡಿದು ನೋಡದೆ ನಂಬುತ್ತಿರಲಿಲ್ಲ. ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಟಕ್ ಟಕ್, ಆಮೇಲೆ ತಲೆ ಓರೆ ಮಾಡಿ ಕೇಳುವುದು. ಸಂತೆಯಲ್ಲಿ ಕಲ್ಲಂಗಡಿ ಬಡಿದರೆ ಸರಿ, ಅದನ್ನು ಎಲ್ಲರೂ ಬಡಿಯುತ್ತಾರೆ. ಕಾಕಾ ಕುರ್ಚಿಯನ್ನೂ ಬಡಿದೇ ಕೂರುತ್ತಿದ್ದರು. ನಮ್ಮ ಮನೆಗೆ ಬಂದರೆ ಖಡಕ್ ರೊಟ್ಟಿಯ ಡಬ್ಬಿಗೆ ಒಂದು ಏಟು ಹಾಕಿ, ಒಳಗೆ ಎಷ್ಟು ರೊಟ್ಟಿ ಉಳಿದಿವೆ ಎಂದು ಹೇಳುತ್ತಿದ್ದರು. ಒಂದೆರಡು ಆಚೀಚೆ ಆದದ್ದುಂಟು, ಪೂರ್ತಿ ತಪ್ಪಿದ್ದು ನನಗೆ ನೆನಪಿಲ್ಲ.

ಕಾಕಿ ಇದನ್ನು ಹೇಳಿ ನಗುತ್ತಿದ್ದರು. "ನನ್ನ ನೋಡಾಕ ಬಂದಾಗ ನಮ್ಮಪ್ಪನ ಮನೀ ಬಾಗಲಾ ಬಡದ ನೋಡಿದ್ರವ್ವ. ನಮ್ಮಪ್ಪ ಅಂದಾ, ಬಾಗಲಾ ತಗದ ಐತಲ್ರಿ, ಒಳಗ ಬರ್ರಿ."

ಕಾಕಾ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದದ್ದು ಗೊತ್ತಾದರೆ ಸಿಟ್ಟಾಗುತ್ತಾರೆ. ಅವರ ಸಿಟ್ಟು ನಾನು ಕಂಡಿದ್ದೇನೆ. ಕುಳ್ಳ ಮನುಷ್ಯ, ದಾರ ಕಟ್ಟಿದ ಚಷ್ಮಾ, ವೆಲ್ಡಿಂಗಿನ ಕಿಡಿ ಹಾರಿ ಸಣ್ಣ ಸಣ್ಣ ತೂತು ಬಿದ್ದ ಖಾಕಿ ಅಂಗಿ. ರಾಣೆಬೆನ್ನೂರಿನ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಲಾರಿ, ಬಸ್ಸು, ಟೆಂಪೋಗಳ ಬಾಡಿ ಕೆಲಸ ಮಾಡಿದವರು. ಗ್ಯಾರೇಜಿನವರ ಬಾಯಲ್ಲಿ ಅವರು ಟಿಂಕರ್. ಶೆಡ್ಡು ಮುಚ್ಚಿದ ಮೇಲೆ ಕಾಕಿಯ ತವರೂರಾದ ಬ್ಯಾಡಗಿಗೆ ಬಂದು ನಮ್ಮೆದುರಿಗೆ ಎರಡು ಖೋಲಿ ಬಾಡಿಗೆ ಹಿಡಿದರು.

ಅಷ್ಟು ಕೈಗುಣವಿದ್ದ ಮನುಷ್ಯನಿಗೆ ಊರಲ್ಲಿ ಕೆಲಸ ಮುಗಿಬಿದ್ದು ಬರಬೇಕಿತ್ತಲ್ಲ? ಬರಲಿಲ್ಲ. ಕಾರಣ ಇಷ್ಟೆ. ತುಕ್ಕು ಹಿಡಿದ ಗಾಡಿ ತಂದು ರೂಪಾಯಿ ಅಗಲದ ತೂತು ತೋರಿಸಿದರೆ ಕಾಕಾ ಅದನ್ನು ಊಟದ ತಾಟಿನಷ್ಟು ದೊಡ್ಡದು ಮಾಡುತ್ತಿದ್ದರು. ತೂತು ಮುಚ್ಚಲು ಬಂದವರು ತೂತು ಬೆಳೆದದ್ದು ನೋಡಿ ಎದೆ ಒಡೆದುಕೊಂಡು ಗಾಡಿ ವಾಪಸ್ ಒಯ್ಯುತ್ತಿದ್ದರು. ಒಬ್ಬ ಟೆಂಪೋದವನಂತೂ ಕಾಕಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಸಿದುಕೊಂಡು ಓಡಿದ್ದ. ಮರುದಿನ ಅವನ ಹೆಂಡತಿ ಅದನ್ನು ತಂದುಕೊಟ್ಟಳು.

ಇನ್ನು ನನ್ನ ಗಾಡಿಯ ವಿಷಯ. ನಮ್ಮದು ಖಾರಪುಡಿಯ ಗಿರಣಿ. ಗಿರಣಿ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ, ಗಾಡಿ ನಾನು ಓಡಿಸುತ್ತೇನೆ. ಮಾವನವರು ತಂದ ಬಿಳಿ ಪಿಕಪ್ಪು, ಈಗ ಹದಿನೆಂಟು ವರ್ಷದ್ದು. ಮಾರುಕಟ್ಟೆಯಿಂದ ಮೆಣಸಿನಕಾಯಿ ಚೀಲ ತರುವುದು, ಪುಡಿ ತುಂಬಿಕೊಂಡು ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ತಿಂಗಳಿಗೊಂದು ಭಾನುವಾರ ಅತ್ತೆಯನ್ನು ದೇವರಗುಡ್ಡಕ್ಕೆ ಕರೆದೊಯ್ಯುವುದೂ ಅದರಲ್ಲೇ. ಮದುವೆಯಾದ ಮೊದಲ ಆರು ವರ್ಷ ನಾನು ಗಿರಣಿಯ ತಕ್ಕಡಿಯ ಹಿಂದೆ ಕೂತಿದ್ದೆ. ಮಾವನವರು ಹೋದ ಮೇಲೆ ಗಾಡಿ ಹೊರಗೆ ಸುಮ್ಮನೆ ನಿಂತಿತ್ತು; ನಾನು ಓಡಿಸಲು ಕಲಿತೆ. ಅಂದಿನಿಂದ ನನಗೆ ಊರು, ದಾರಿ, ನಾಲ್ಕು ಜನರ ಮಾತು ಎಲ್ಲ ಬಂದಿತು. ಅದನ್ನು ಕಳೆದುಕೊಳ್ಳುವ ಮನಸ್ಸು ನನಗೆ ಒಂದು ಚೂರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಹಾವೇರಿಗೆ ಗಾಡಿಯ ಫಿಟ್‌ನೆಸ್ ತಪಾಸಣೆಗೆ ಹೋದೆ. ಅಲ್ಲಿಯ ಸಾಹೇಬರು ಹಿಂದಿನ ಬಾಡಿಯ ನೆಲವನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಅವರಿಗೇ ಗಾಬರಿಯಾಯಿತು. "ಅಕ್ಕಾರ, ಹದಿನೈದ ದಿನದಾಗ ಸರಿ ಮಾಡಿಸಿಕೊಂಡ ಬರ್ರಿ, ಇಲ್ಲಾಂದ್ರ ಇದನ್ನ ರಸ್ತೆಗೆ ಇಳಿಸಬ್ಯಾಡ್ರಿ" ಎಂದು ಮರುತಪಾಸಣೆಗೆ ಒಂದು ಗುರುವಾರದ ದಿನ ಕೊಟ್ಟರು. ತಪ್ಪು ಅವರದಲ್ಲ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಮುರಿಯಬಾರದೆಂದು ನೀರು ಚಿಮುಕಿಸಿ, ಹದ ಮಾಡಿ, ಚೀಲದಲ್ಲಿ ತುಳಿದು ತುಂಬುತ್ತಾರೆ. ಆ ಹಸಿ ಚೀಲಗಳನ್ನು ಹದಿನಾರು ವರ್ಷ ಹೊತ್ತ ತಗಡು ಎಷ್ಟು ಬಾಳೀತು? ಮೇಲೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು ಪೂಜೆ ಮಾಡುವಾಗ ಸುರಿದ ಕೊಡಗಟ್ಟಲೆ ನೀರು ಬೇರೆ.

ಎಲ್ಲರೂ ಗುಜರಿಗೆ ಹಾಕಿರಿ ಎಂದರು. ಯಜಮಾನರೂ ತಲೆ ಅಲ್ಲಾಡಿಸಿದರು. "ಬಾಡಿಗಿ ಗಾಡಿ ಹಚ್ಚೂಣಂತ. ನೀ ಆರಾಮ ಗಿರಣಿ ಒಳಗ ಕುಂದ್ರು" ಎಂದು ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿ ನನಗೆ ಮೆಣಸಿನಕಾಯಿಯಷ್ಟೇ ಖಾರವಾಗಿತ್ತು. ಮತ್ತೆ ತಕ್ಕಡಿಯ ಹಿಂದೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಅಂದು ಸಂಜೆ ಕಾಕಾ ರಸ್ತೆ ದಾಟಿ ಬಂದು, ಯಾರೂ ಕರೆಯದೆ, ಗಾಡಿಯ ಸುತ್ತ ಬಡಿಯುತ್ತಾ ಒಂದು ಪ್ರದಕ್ಷಿಣೆ ಹಾಕಿದರು. ಕೊನೆಗೆ ಚಷ್ಮಾ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

"ಗಾಡಿ ಬದುಕತೈತಿ. ಆದ್ರ ನಾ ಮಾಡೂದಿಲ್ಲ. ನೀ ಮಾಡಬೇಕು."

"ನಾನ? ನನಗ ಸುತ್ತಿಗಿ ಹಿಡಿಯಾಕ ಬರೂದಿಲ್ರಿ ಕಾಕಾ."

"ಗಾಡಿ ಹೊಡಿಯಾಕ ಬರತಿತ್ತೇನ ಹುಟ್ಟಿದಾಗ? ಗ್ಯಾಸ್ ವೆಲ್ಡಿಂಗ್ ಅಷ್ಟ ನಾ ಹಿಡಿತೇನಿ. ಉಳಿದದ್ದು ನೀನ."

ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ಕೆಲಸ ಶುರುವಾಯಿತು. ಕಾಕಾ ಗೋಣಿತಾಟಿನ ಮೇಲೆ ಕೂತು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ತೂತಿನ ಅಂಚಿಗೆ ಚುಚ್ಚುತ್ತಾ ಹೋಗಬೇಕು. ತಗಡು ಪುಡಿಯಾಗಿ ಉದುರುವಷ್ಟು ದೂರ ಕತ್ತರಿಸಬೇಕು. "ಎಲ್ಲೀತನ್ರಿ?" ಎಂದರೆ ಒಂದೇ ಉತ್ತರ: "ಗಟ್ಟಿ ಪತ್ರಾ ಬರೂತನ." ಪತ್ರಾ ಎಂದರೆ ತಗಡಿನ ಹಾಳೆ. ಗಟ್ಟಿ ಪತ್ರಾ ಬಂದರೆ ಖಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಮೊದಲ ದಿನ ನನಗೆ ಎರಡಕ್ಕೂ ವ್ಯತ್ಯಾಸವೇ ಕೇಳಲಿಲ್ಲ. ನಾಲ್ಕನೆಯ ದಿನ ಕೇಳಿತು. ಅಷ್ಟರಲ್ಲಿ ನನ್ನ ಗಾಡಿಯ ನೆಲದಲ್ಲಿ ಅರ್ಧ ಉಳಿದಿತ್ತು.

ಬಾಗಿಲ ಕೆಳಗಿನ ಅಂಚಿನಲ್ಲಿ ನೀರು ಹೋಗಲೆಂದು ಸಣ್ಣ ತೂತುಗಳಿರುತ್ತವೆ. ಇರುವೆ ಬರುತ್ತವೆಂದು ಮಾವನವರು ಅವಕ್ಕೆ ಮೇಣ ತುಂಬಿ ಮುಚ್ಚಿದ್ದರು. ಕಾಕಾ ತಂತಿ ಹಾಕಿ ಅದನ್ನು ತೆಗೆಸಿದಾಗ ಕಪ್ಪು ನೀರು, ಮಣ್ಣು, ಮೆಣಸಿನ ಬೀಜ ಎಲ್ಲ ಸುರಿಯಿತು. ಅದರ ಜೊತೆ ಬಿಳಿಚಿಕೊಂಡ ಒಂದು ಮೊಳಕೆಯೂ ಬಂತು. ಬಾಗಿಲ ಹೊಟ್ಟೆಯೊಳಗೆ ಬೀಜ ಮೊಳೆತಿತ್ತು. ಅತ್ತೆ ಅದನ್ನು ಎತ್ತಿಕೊಂಡು ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟರು. "ಕತ್ತಲ್ಯಾಗ ಬೆಳದೈತಿ, ಒಮ್ಮಿಗೇ ಬಿಸಲಿಗೆ ಇಡಬ್ಯಾಡ್ರಿ" ಎಂದು ನಮಗೆಲ್ಲ ತಾಕೀತು ಮಾಡಿದರು. ಕಾಕಾ ಆ ಡಬ್ಬಿಯನ್ನೂ ಬಡಿದು ನೋಡಿ, ತಳಕ್ಕೆ ಒಂದು ಮೊಳೆ ಹೊಡೆದು ನೀರು ಹೋಗಲು ದಾರಿ ಮಾಡಿಕೊಟ್ಟರು.

ಇನ್ನೊಂದು ಸಂಗತಿ ಹೇಳದಿದ್ದರೆ ನಮ್ಮ ಓಣಿಯವರು ನನ್ನನ್ನು ಬಿಡುವುದಿಲ್ಲ. ವೆಲ್ಡಿಂಗಿನ ಮೊದಲ ದಿನ ಕಾಕಾ ಬಲು ಎಚ್ಚರದಿಂದ ಬ್ಯಾಟರಿ ತೆಗೆಸಿದರು, ಡೀಸೆಲ್ ಟ್ಯಾಂಕು ಇಳಿಸಿದರು, ಎರಡು ಬಕೆಟ್ ನೀರು ಇಡಿಸಿದರು. ರಾಣೆಬೆನ್ನೂರಿನಲ್ಲಿ ಅವರು ಹತ್ತಿ, ಗೋವಿನಜೋಳ ಹೊತ್ತ ಗಾಡಿಗಳನ್ನು ನೋಡಿದ್ದರು. ಬ್ಯಾಡಗಿಯ ಗಾಡಿಯ ಎರಡು ತಗಡುಗಳ ನಡುವಿನ ಸಂದಿಯಲ್ಲಿ ಏನಿರುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ಅಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆಯಲಿಲ್ಲ. ಗ್ಯಾಸಿನ ಜ್ವಾಲೆ ತಗಲಿದ್ದೇ ತಡ, ಹದಿನಾರು ವರ್ಷ ಕೂಡಿಬಿದ್ದ ಮೆಣಸಿನಪುಡಿ ಹೊಗೆಯಾಡತೊಡಗಿತು. ಘಾಟು ಅಂದರೆ ಅಂಥ ಘಾಟನ್ನು ನಾನು ಗಿರಣಿಯಲ್ಲೂ ಕಂಡಿಲ್ಲ. ಕಾಕಾ ಒಂದು ಕಡೆ, ನಾನು ಒಂದು ಕಡೆ ಓಡಿದೆವು. ಓಣಿಯ ಹನ್ನೆರಡು ಮನೆಯ ಜನ ಕೆಮ್ಮುತ್ತಾ ಹೊರಗೆ ಬಂದರು. ಮೂಲೆಮನೆಯ ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡು ನಿಂತು ಹೇಳಿದಳು: "ದೃಷ್ಟಿ ತಗಿಯಾಕ ಒಂದ ಹಿಡಿ ಮೆಣಸಿನಕಾಯಿ ಸಾಕಾಗತಿತ್ತಲ್ಲವಾ. ಗಾಡೀನ ಸುಟ್ಟಿ ನೀನು."

ಕಾಕಾ ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಣ್ಣು ಮೂಗು ಸುರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ನಡುನಡುವೆ ನಗು. ಮರುದಿನ ನಾವಿಬ್ಬರೂ ಪೈಪು ಹಿಡಿದು ಸಂದಿಸಂದಿಗೂ ನೀರು ಬಿಟ್ಟು, ಒಂದು ದಿನ ಬಿಸಿಲಿಗೆ ಒಣಗಿಸಿ ಆಮೇಲೆ ಕೆಲಸ ಮುಂದುವರಿಸಿದೆವು. ಆ ಎರಡು ದಿನ ನನ್ನ ಹದಿನೈದು ದಿನಗಳಲ್ಲಿ ಹೋದವು.

ಬೂಟಿನ ಡಬ್ಬಿಯ ರಟ್ಟು ಕತ್ತರಿಸಿ ತೂತಿನ ಅಳತೆ ತೆಗೆಯುವುದು, ಅದೇ ಆಕಾರಕ್ಕೆ ಹೊಸ ತಗಡು ಕತ್ತರಿಸುವುದು, ರೈಲುಹಳಿಯ ತುಂಡಿನ ಮೇಲಿಟ್ಟು ಬಾಗಿಸುವುದು, ಎಲ್ಲ ನಾನೇ ಮಾಡಿದೆ. ಬೆಸೆಯುವಾಗ ಕಾಕಾ ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ ಇಡುತ್ತಿದ್ದರು. ಒಂದೇ ಕಡೆ ಬಿಸಿ ಮಾಡಿದರೆ ತಗಡು ಸೊಟ್ಟಾಗುತ್ತದೆ. ನಾನು ಹಸಿ ಬಟ್ಟೆ ಒತ್ತಿ ತಣಿಸಬೇಕು. ನನ್ನ ಕೆಲಸ ಚೆನ್ನಾಗಿದೆ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಅವರ ಬಾಯಲ್ಲಿ ದೊಡ್ಡ ಹೊಗಳಿಕೆ ಎಂದರೆ "ಹ್ಞೂಂ." ಅದನ್ನು ಕಾಕಿಯ ಹೋಳಿಗೆಗೆ ಒಮ್ಮೆ, ಗೌಂಡಿಯೊಬ್ಬ ಕಟ್ಟಿದ ಕಟ್ಟೆಗೆ ಒಮ್ಮೆ ಅಂದದ್ದನ್ನು ಕೇಳಿದ್ದೆ. ನನ್ನ ತಗಡಿಗೆ ಬರೀ ಟಕ್ ಟಕ್, ಆಮೇಲೆ "ಮತ್ತೊಮ್ಮೆ ಮಾಡು."

ನನಗೆ ಸಿಟ್ಟು ಬರುತ್ತಿತ್ತು. ಮುಚ್ಚಿಡುವುದೇಕೆ, ಒಂದು ದಿನ ಸುತ್ತಿಗೆ ಬಿಸಾಕಿ ಒಳಗೆ ಹೋಗಿ ಕೂತಿದ್ದೆ. ಕಾಕಾ ಕರೆಯಲು ಬರಲಿಲ್ಲ. ನಾನೇ ಹೊರಗೆ ಬಂದಾಗ ಗೋಣಿತಾಟಿನ ಮೇಲೆ ಹಾಗೇ ಕೂತಿದ್ದರು. "ಚಾ ಕುಡದ್ಯಾ? ಆ ಮೂಲಿ ಹಿಡಿ" ಎಂದರು.

ಮಂಗಳವಾರದ ಹೊತ್ತಿಗೆ ನೆಲ ಮುಗಿದಿತ್ತು, ಬಾಗಿಲು ಮುಗಿದಿತ್ತು. ಎಡಬದಿಯಲ್ಲಿ ಹತ್ತುವಾಗ ಕಾಲಿಡುವ ಮೆಟ್ಟಿಲು ಒಂದೇ ಉಳಿದಿತ್ತು. ಅದರ ತೂತು ಎರಡು ಬೆರಳಷ್ಟು. ಗುರುವಾರ ಬೆಳಿಗ್ಗೆ ಹಾವೇರಿಯಲ್ಲಿರಬೇಕು. ಬುಧವಾರ ಬಣ್ಣ ಒಣಗಬೇಕು. ಕಾಕಾ ಊಟಕ್ಕೆ ಹೋಗಿದ್ದರು. ಈಗ ಇದನ್ನೂ ಕೊರೆಯಲು ಹೊರಟರೆ ದಿನ ತಪ್ಪುವುದು ಖಾತ್ರಿ. ನಾನು ಡಬ್ಬಿಯಿಂದ ಪುಟ್ಟಿ ತೆಗೆದೆ. ಸಣ್ಣ ತಗ್ಗು ಮುಚ್ಚಲು ಸಿಮೆಂಟಿನಂತೆ ಮೆತ್ತುವ ಪುಟ್ಟಿ ಅದು. ತೂತಿಗೆ ಒಂದು ಚಿಂದಿ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ, ಬಣ್ಣ ಬಳಿದೆ. ಇಡೀ ಗಾಡಿಯಲ್ಲಿ ಅಷ್ಟು ನುಣುಪಾದ ಜಾಗ ಇನ್ನೊಂದಿರಲಿಲ್ಲ. ಕಾಕಾ ಸಂಜೆ ಬರಲಿಲ್ಲ, ನನಗೆ ಅದೂ ಒಳ್ಳೆಯದೇ ಆಯಿತು.

ಬುಧವಾರ ಬೆಳಿಗ್ಗೆ ಬಂದರು. ಹಿಂದಿನಿಂದ ಬಡಿಯುತ್ತಾ ಬಂದರು. ಖಣ್, ಖಣ್, ಖಣ್. ಮೆಟ್ಟಿಲಿಗೆ ಬಂದಾಗ ಡಬ್ ಎಂದಿತು. ನನಗೂ ಕೇಳಿಸಿತು. ಆ ಹೊತ್ತಿಗೆ ನನ್ನ ಕಿವಿ ಅಷ್ಟು ಪಳಗಿತ್ತಲ್ಲ, ಅದೇ ಸಂಕಟ.

ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಪಾಸ್ ಆಗತೈತಿ ಬಿಡು. ಭಾಳ ಚಂದ ಆಗೈತಿ. ನಿಮ್ಮತ್ತಿ ಈ ಕಡೇನ ಹತ್ತತಾರಲ್ಲ?"

ಕಾಕಾ ನಮ್ಮ ಕಟ್ಟೆಯ ಮೇಲೆ ಕೂತರು. ಎಂದಿನಂತೆ ಕಟ್ಟೆಯನ್ನು ಬಡಿಯಲಿಲ್ಲ.

"ನನ್ನ ಲಗ್ನಕ್ಕಿಂತ ಮೊದಲಿನ ಮಾತು. ಶೆಡ್ಡಿಗೆ ಒಂದ ಬಸ್ ಬಂದಿತ್ತವಾ, ಖಾಸಗಿ ಗಾಡಿ. ಹಿಂದಿನ ಬಾಗಲದ ಮೆಟ್ಟಲಾ ತುಕ್ಕ ತಿಂದಿತ್ತು. ಮರುದಿನ ಮುಂಜಾನೇನ ಬೇಕು ಅಂದ್ರು. ನಾ ಪುಟ್ಟಿ ಹಚ್ಚಿ, ಬಣ್ಣಾ ಹೊಡದ ಕೊಟ್ಟೆ. ಎಂಟ ದಿನಕ್ಕ ಒಬ್ಬಾಕಿ ಮುದುಕಿ ಇಳಿಯೂಮುಂದ ಕಾಲ ಒಳಗ ಹೋತು. ಗಾಡಿ ನಿಂತಿತ್ತು, ಪುಣ್ಯಾ. ಕಾಲ ಉಳೀತು. ಆದ್ರ ಆಕಿ ಮುಂದ ನೆಟ್ಟಗ ನಡೀಲಿಲ್ಲ."

"ಆಕಿ ನಿಮಗ ಏನರ ಅಂದ್ಲೇನ್ರಿ?"

"ಆಕೀಗೆ ನಾ ಯಾರಂತ ಗೊತ್ತ ಇರಲಿಲ್ಲ. ಬಾಳಿಹಣ್ಣ ತಗೊಂಡ ನೋಡಾಕ ಹೋದೆ. ಯಾರಪ್ಪಾ ನೀ ಅಂದ್ಲು. ಅದ ಬಸ್ಸಿನ್ಯಾಗ ಇದ್ನಿ ಅಂತ ಸುಳ್ಳ ಹೇಳಿ ಬಂದೆ." ಚಷ್ಮಾ ತೆಗೆದು ಒರೆಸಿಕೊಳ್ಳುತ್ತಾ ಹೇಳಿದರು, "ಆಕಿ ನನಗ ಆಶೀರ್ವಾದ ಮಾಡಿ ಕಳಿಸಿದ್ಲು ನೋಡು."

ಒಳಗೆ ಅತ್ತೆ ಯಾವುದೋ ಹಾಡು ಗುನುಗುತ್ತಾ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನನಗೆ ಅಳು ಬಂತು, ನಾಚಿಕೆಯೂ ಬಂತು. ಈ ಮನುಷ್ಯ ಅಷ್ಟು ವರ್ಷದಿಂದ ಊರಿನ ಡಬ್ಬಿ, ಕುರ್ಚಿ, ಬಾಗಿಲುಗಳನ್ನೆಲ್ಲ ಏಕೆ ಬಡಿಯುತ್ತಾ ಬಂದಿದ್ದಾರೆ ಎಂಬುದು ಗೊತ್ತಾದ ಮೇಲೆ ಅವರ ಮುಖ ನೋಡುವುದು ಕಷ್ಟವಾಯಿತು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ನುಣುಪಾದ ಜಾಗಕ್ಕೆ ಚುಚ್ಚಿದೆ. ಪುಟ್ಟಿ ಹೋಳಾಗಿ ಬಿತ್ತು. ಕೊರೆಯುತ್ತಾ ಹೋದೆ. ಎರಡು ಬೆರಳಿನ ತೂತು ಒಂದೂವರೆ ಗೇಣಾಯಿತು. ಮೆಟ್ಟಿಲು ಹೊರಗಿನಿಂದ ಮಾತ್ರ ಮೆಟ್ಟಿಲಾಗಿತ್ತು, ಒಳಗೆ ಬರೀ ಕೆಂಪು ಪುಡಿ. ಭಾನುವಾರ ಅತ್ತೆ ಅದರ ಮೇಲೆಯೇ ಕಾಲಿಡುವವರಿದ್ದರು.

ಗುರುವಾರದ ದಿನ ತಪ್ಪಿತು. ಸಾಹೇಬರಿಗೆ ಫೋನು ಮಾಡಿ ಬೇಡಿಕೊಂಡೆ, ಎಂಟು ದಿನದ ಮೇಲೆ ಇನ್ನೊಂದು ದಿನ ಸಿಕ್ಕಿತು. ಅಷ್ಟರಲ್ಲಿ ರಾಣೆಬೆನ್ನೂರಿನ ಎರಡು ಅಂಗಡಿಯವರು ಬೇರೆ ಕಡೆಯ ಪುಡಿ ಇಟ್ಟುಕೊಂಡರು. ಒಬ್ಬರು ಮುಂದೆ ನಮ್ಮಲ್ಲಿಗೇ ವಾಪಸ್ ಬಂದರು, ಇನ್ನೊಬ್ಬರು ಬರಲೇ ಇಲ್ಲ. ಆದರೆ ತಪಾಸಣೆಯಲ್ಲಿ ಸಾಹೇಬರು ಎರಡೂ ಹೆಬ್ಬೆರಳು ಹಾಕಿ ಒತ್ತಿದರು, ಕೊನೆಗೆ ಬೂಟುಗಾಲಿನಿಂದ ಮೆಟ್ಟಿಲು ತುಳಿದರು, ಗಾಡಿ ಅಲ್ಲಾಡಲಿಲ್ಲ. "ಯಾವ ಗ್ಯಾರೇಜಿನ್ಯಾಗ ಮಾಡಿಸಿದ್ರಿ?" ಎಂದು ಕೇಳಿದರು. "ನಮ್ಮ ಮನೀ ಮುಂದ್ರಿ" ಎಂದೆ. ಕಾಕಾ ಅಷ್ಟು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತು, ಇನ್ನೊಬ್ಬರ ಲಾರಿಯನ್ನು ಬಡಿದು ನೋಡಿ ಅದರ ಮಾಲೀಕನ ಕೈಲಿ ಬೈಸಿಕೊಳ್ಳುತ್ತಿದ್ದರು.

ಅಂದಿನಿಂದ ಗಾಡಿಯೂ ಓಡುತ್ತಿದೆ, ನಾನೂ ಓಡುತ್ತಿದ್ದೇನೆ. ಎಣ್ಣೆ ಡಬ್ಬಿಯ ಮೆಣಸಿನಗಿಡ ಹೋದ ವರ್ಷ ಒಂದು ಬೊಗಸೆ ಕಾಯಿ ಕೊಟ್ಟಿತು.

ಹೋದ ತಿಂಗಳು ಕಾಕಾ ಊರು ಬಿಡುವ ದಿನ ಮುಂದೆ ನನ್ನ ಪಕ್ಕದಲ್ಲಿ ಕೂರಿರೆಂದರೆ ಕೇಳಲಿಲ್ಲ. ಕಾಕಿಯನ್ನು ಮುಂದೆ ಕೂರಿಸಿ, ತಾವು ಹಿಂದೆ ಟ್ರಂಕು, ಮಂಚ, ಪಾತ್ರೆಯ ಚೀಲಗಳ ನಡುವೆ ನೆಲದ ಮೇಲೆ ಕೂತರು. ಹಾವೇರಿ ದಾಟಿ ಗುತ್ತಲದ ತನಕ ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಅಂಗೈಯನ್ನು ತಗಡಿಗೆ ಒತ್ತಿ, ತಲೆ ಓರೆ ಮಾಡಿ ಕೂತಿದ್ದರು. ಗುತ್ತಲದ ಆಚೆಗೆ ರಸ್ತೆ ಕೆಟ್ಟಿತ್ತು, ಗಾಡಿ ಕುಣಿಯಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ಇವತ್ತಾದರೂ ಆ ಮನುಷ್ಯ ನನಗೊಂದು ಒಳ್ಳೆಯ ಮಾತು ಹೇಳಲೇಬೇಕು.

ಊರು ಬಂತು. ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಸಾಮಾನು ಇಳಿಯಿತು, ಚಹಾ ಆಯಿತು. ನಾನು ಹೊರಟು ಗಾಡಿ ಚಾಲೂ ಮಾಡಿದ ಮೇಲೆ ಕಾಕಾ ಕಿಟಕಿಯ ಹತ್ತಿರ ಬಂದರು. ನನ್ನ ಕಣ್ಣು ತುಂಬಿತ್ತು.

"ಎಡಗಡೆ ಹಿಂದಿನ ಮೂಲ್ಯಾಗ ಒಂದ ಸದ್ದ ಬರಾಕತ್ತೈತಿ," ಎಂದರು. "ಮನಿಗೆ ಹೋಗಿ ಬಿಚ್ಚಿ ನೋಡು."

ತುಂಬಿದ ಕಣ್ಣು ಅಲ್ಲೇ ಒಣಗಿತು. ದಾರಿಯುದ್ದಕ್ಕೂ ಕಿಟಕಿ ಇಳಿಸಿ ಕಿವಿಗೊಟ್ಟು ಬಂದೆ, ನನಗಂತೂ ಏನೂ ಕೇಳಲಿಲ್ಲ. ವಯಸ್ಸಾಯಿತು, ಕಿವಿ ಕೆಟ್ಟಿದೆ ಎಂದುಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ಗಾಡಿಯ ಕೆಳಗೆ ಗೋಣಿತಾಟು ಹಾಸಿಕೊಂಡು ಮೂಲೆಯನ್ನು ಬಡಿದೆ. ಹೊರಗಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಖಣ್, ಖಣ್, ಡಬ್. ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯಿತು. ಕೊರೆಯುತ್ತಾ ಹೋದೆ. ಯಜಮಾನರು ಬಂದು ನೋಡಿ, "ಸಣ್ಣದ ಇತ್ತಲ್ಲ, ಯಾಕ ದೊಡ್ಡದ ಮಾಡಾಕತ್ತಿ?" ಎಂದರು. ನಾನು ನಕ್ಕುಬಿಟ್ಟೆ.

ತೂತು ತಾಟಿನಷ್ಟು ಅಗಲವಾಗುವ ಹೊತ್ತಿಗೆ ಫೋನು ಬಂತು. ಹೇಗಿದ್ದೀಯಾ ಎಂದು ಕೇಳುವ ಜಾಯಮಾನವಲ್ಲ ಅವರದು.

"ಬಿಚ್ಚಿದ್ಯಾ?"

"ಬಿಚ್ಚೇನ್ರಿ ಕಾಕಾ. ನೀವು ಹೇಳಿದ್ದ ಖರೇ ಇತ್ತು."

"ಗಟ್ಟಿ ಪತ್ರಾ ಬಂತೇನ?"

ಫೋನನ್ನು ತಗಡಿನ ಅಂಚಿಗೆ ಹಿಡಿದು, ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದೆ. ಖಣ್, ಖಣ್. ಮತ್ತೆ ಫೋನನ್ನು ಕಿವಿಗೆ ಇಟ್ಟುಕೊಂಡೆ. ಆ ಕಡೆ ಕೂಸು ಅಳುತ್ತಿತ್ತು, ಕಾಕಿ ಏನೋ ಹೇಳುತ್ತಿದ್ದರು. ಅವರು ತಲೆ ಓರೆ ಮಾಡಿ ನಿಂತದ್ದು ನನಗೆ ಕಂಡಂತೆಯೇ ಇತ್ತು.

"ಹ್ಞೂಂ," ಎಂದರು ಕಾಕಾ.